ಒಲೆಯ ಕೆಳಗಿನ ಬಾವಿ

ನೀರಿನ ಟ್ಯಾಂಕರ್ ಬೀದಿಯ ತಿರುವಿಗೆ ಬಂದು ನಿಂತಿತು, ಆದರೆ ನಲ್ಲಿ ಬಿಡಲಿಲ್ಲ. ಕೊಡ ಹಿಡಿದು ನಿಂತವರ ಮುಂದೆ ಠಾಣೆಯ ಸಾಹೇಬ ಇಳಿದು, ಯಾವತ್ತಿನ ನಗುಮುಖದಲ್ಲೇ ವಿಷಯ ಹೇಳಿದ. ಟ್ಯಾಂಕರಿನ ಪೈಪು ಕೊಯ್ದವನು ಈ ಬೀದಿಯ ಕ್ಷೌರಿಕನೇ, ಕಣ್ಣಾರೆ ಕಂಡೆ ಅಂತ ಬೀದಿಯವರೊಬ್ಬರು ಠಾಣೆಗೆ ಬಂದು ಹೇಳಿದರೆ ಸಾಕು, ಅವತ್ತೇ ನೀರು. ಸರ್ಕಾರ ಪುಕ್ಕಟೆ ಕುಡಿಸುತ್ತಿದೆ, ಅಷ್ಟೂ ಋಣವಿಲ್ಲವೇ ಅಂತ ಕೇಳಿ, ಗಾಡಿ ತಿರುಗಿಸಿಕೊಂಡು ಹೋದ.

ಪೈಪನ್ನು ಯಾರೂ ಕೊಯ್ದಿರಲಿಲ್ಲ. ಗಿರಾಕಿಯ ಗಡ್ಡ ಹೆರೆಯುತ್ತ ಕ್ಷೌರಿಕ ಒಂದು ಮಾತಾಡಿದ್ದ: ಮನೆಮನೆಗೆ ನಲ್ಲಿ ಹಾಕಿಸಿದರೆ ನಾವು ಇವರ ಟ್ಯಾಂಕರಿನ ದಾರಿ ಕಾಯೋದಿಲ್ಲವಲ್ಲ, ಅದಕ್ಕೇ ಹಾಕಿಸಲ್ಲ. ಆ ಮಾತಿಗೆ ಪೊಲೀಸರು ಅವನನ್ನು ಎತ್ತಿಕೊಂಡು ಹೋಗಿದ್ದರು. ಈಗ ಒಳಗೇ ಇಟ್ಟುಕೊಳ್ಳಲು ಒಂದು ಸಾಕ್ಷಿ ಬೇಕಿತ್ತು.

ಟ್ಯಾಂಕರ್ ಶುರುವಾದ ವರ್ಷವೇ ಬೀದಿಯ ಬಾವಿಗಳಿಗೆಲ್ಲ ಮಣ್ಣು ತುಂಬಿಸಿದ್ದರು. ನೀರು ಕೆಟ್ಟಿದೆ ಅಂದರು. ಸೇದುವ ಕಾಟ ತಪ್ಪಿತು ಅಂತ ಜನ ಖುಷಿಯಾಗಿ ರಾಟೆ ಕಳಚಿ ಗುಜರಿಗೆ ಹಾಕಿದರು. ಉಳಿದದ್ದು ಒಂದೇ, ದರ್ಜಿ ಹೆಂಗಸಿನ ಅಡುಗೆಮನೆಯ ಬಾವಿ. ಅದಕ್ಕೆ ಅವಳ ಮಾವ ಎಂದೋ ಚಪ್ಪಡಿ ಹಾಸಿ ಮೇಲೆ ಒಲೆ ಹೂಡಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವತ್ತು ಅವಳ ಅತ್ತೆ ಒಲೆ ಕೀಳಿಸಿದಳು. ಬಾವಿಗೆ ಸಾಲುವಷ್ಟು ಉದ್ದದ ಹಗ್ಗವಿರಲಿಲ್ಲ. ಸೊಸೆ ಹೊಲಿಗೆಯಲ್ಲಿ ಉಳಿದ ಅಂಚಿನ ಪಟ್ಟಿಗಳನ್ನು ಜಡೆಯ ಹಾಗೆ ಹೆಣೆದಳು. ಕೆಂಪು, ಹಸಿರು, ಹೂವಿನದು. ಮದುವಣಗಿತ್ತಿ ಬಾವಿಗೆ ಇಳಿದ ಹಾಗಿದೆ ಅಂತ ಅತ್ತೆ ನಕ್ಕಳು. ಬಂದ ನೀರಿಗೆ ಕಲ್ಲಿನ ವಾಸನೆಯಿತ್ತು, ಅಷ್ಟೆ. ಹಿತ್ತಲ ಬಾಗಿಲಿನಿಂದ ಮನೆಮನೆಗೂ ತಂಬಿಗೆ, ಕೊಡ ಹೋದವು.

ಠಾಣೆಗೆ ಯಾರೂ ಹೋಗಲಿಲ್ಲ. ಆದರೆ ದಿನಾ ಬೆಳಿಗ್ಗೆ ಟ್ಯಾಂಕರ್ ತಿರುವಿಗೆ ಬಂದು, ಹಾರ್ನ್ ಹೊಡೆದು, ಹಾಗೇ ಹಿಂದಿರುಗುತ್ತಿತ್ತು. ಒಂದು ದಿನ ಅದು ಹೋದ ಮೇಲೆ ಅತ್ತೆ, ನಾಳೆ ಟ್ಯಾಂಕರ್ ಬರೋಷ್ಟರಲ್ಲಿ ಬೀದಿಯೆಲ್ಲ ಬಟ್ಟೆ ಒಗೆಯಲಿ ಅಂದಳು.

ಸೊಸೆ ಹಿತ್ತಲ ಬಾಗಿಲು ಮುಂದೆ ಮಾಡಿದಳು. "ಅತ್ತೆ, ಗೊತ್ತಾದರೆ ಇದನ್ನೂ ಮುಚ್ಚಿಸ್ತಾರೆ. ಗುಟ್ಟಾಗಿ ಕುಡ್ಕೊಂಡು ಇರೋಣ."

"ಗುಟ್ಟಾಗಿ ಕುಡಿದರೆ ನಾವು ಬಾಯಾರಿ ಬಿದ್ದಿದೀವಿ ಅಂತ್ಲೇ ಅವರು ತಿಳ್ಕೊಂಡಿರ್ತಾರೆ ಕಣೇ. ಯಾರಾದರೊಬ್ಬರು ಸೋತು ಬರ್ತಾರೆ ಅಂತ ಕಾಯ್ತಾನೇ ಇರ್ತಾರೆ. ಅಲ್ಲೀವರೆಗೂ ಆ ಕ್ಷೌರಿಕನನ್ನ ಬಿಡಲ್ಲ."

"ಮುಚ್ಚಿಬಿಟ್ಟರೆ?"

"ಮುಚ್ಚಲಿ. ಹಾಡಹಗಲೇ ಬಂದು ಮುಚ್ಚಲಿ. ನೀರು ಕೊಡೋ ಧರ್ಮಾತ್ಮರು ನೀರಿಗೆ ಮಣ್ಣು ಹಾಕೋದನ್ನ ಊರೇ ನೋಡಲಿ."

ಸೊಸೆ ಎದ್ದು ಸೋಪು ಹುಡುಕಿದಳು.

ಮಾರನೆಯ ಬೆಳಿಗ್ಗೆ ಟ್ಯಾಂಕರ್ ಹಾರ್ನ್ ಹೊಡೆದರೂ ಒಂದು ಕೊಡವೂ ಹೊರಗೆ ಬರಲಿಲ್ಲ. ಸಾಹೇಬ ನಡೆದುಕೊಂಡೇ ಬೀದಿಯೊಳಗೆ ಬಂದ. ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಹಗ್ಗಗಳ ಮೇಲೆ ಸೀರೆ, ಅಂಗಿ, ಚಾದರ, ಕೂಸಿನ ಬಟ್ಟೆಗಳು ತೊಟ್ಟಿಕ್ಕುತ್ತಿದ್ದವು. ಅವನ ಟೋಪಿಯ ಮೇಲೂ ಒಂದೆರಡು ಹನಿ ಬಿತ್ತು. ಬಾಗಿಲು ಹಾಕಿದ ಕ್ಷೌರದಂಗಡಿಯ ಮುಂದೆ ಅತ್ತೆ ಒಬ್ಬಳೇ ನಿಂತು, ಗಿರಾಕಿಗಳ ಕೊರಳಿಗೆ ಸುತ್ತುವ ಬಿಳಿ ಬಟ್ಟೆಯನ್ನು ಹಿಂಡುತ್ತಿದ್ದಳು.

ಸಾಹೇಬನ ಮುಖದಲ್ಲಿ ಯಾವತ್ತಿನ ನಗುವಿರಲಿಲ್ಲ. "ಅಜ್ಜಿ, ನಿಮಗೆ ಈ ನೀರು ಕೊಟ್ಟೋರು ಯಾರು?"

ಅವಳು ಬಟ್ಟೆಯನ್ನು ಒಮ್ಮೆ ಕೊಡವಿ, ಹಗ್ಗದ ಮೇಲೆ ಹರವಿದಳು.

"ಯಾರೂ ಕೊಟ್ಟಿದ್ದಲ್ಲ ಸಾಹೇಬ್ರೆ. ಇತ್ತು."