ಹುಳಿ ಮಣ್ಣಿನ ತುಳಸಿ

ಫಿನ್‌ಲ್ಯಾಂಡಿನ ಕಾಡಿನಿಂದ ತರಿಸಿದ್ದ ಮಣ್ಣಿನ ಎರಡೂ ಡಬ್ಬಿ ಖಾಲಿ. ಪ್ರತೀಕ್ಷಾ ನಿಂತಲ್ಲೇ ನಿಂತಳು. "ಅತ್ತಿ, ಇದರಾಗಿನ ಮಣ್ಣೆಲ್ಲೈತ್ರಿ? ನಾಳೆ ಕ್ಲಾಸಿನ್ಯಾಗ ಹುಡುಗರಿಗೆ ತೋರಿಸೂದಿತ್ತು."

"ಒಂದೊಂದು ಡಬ್ಬೀದು ಒಂದೊಂದು ಕುಂಡಕ್ಕ ಹಾಕಿ ಹೋದ ತಿಂಗಳ ತುಳಸಿ ಹಚ್ಚೀನಿ. ಈ ಅರಬರ ಅಲ್ ಐನ್‌ದಾಗ ಬರೇ ಉಸುಕು, ಕರೀ ಮಣ್ಣು ಕಂಡ್ರ ಕೈ ಸುಮ್ಮನಿರಬೇಕಲ್ಲ." ಸೊಸೆಯ ಸಿಟ್ಟಿಗೆ ಕಾದಿದ್ದ ಶಾಂತವ್ವ ತಡೆಯಲಾರದೆ ಕೇಳಿಯೇಬಿಟ್ಟಳು. "ಒಂದ ಕಾಡಿನ ಮಣ್ಣಂತಿ, ಡಬ್ಬಿ ಯಾಕ ಎರಡು?"

"ಒಂದು ಸೂಜಿ ಎಲಿ ಗಿಡದ ಬುಡದ್ದು, ಇನ್ನೊಂದು ಅಗಲ ಎಲೀದು. ಸೂಜಿ ಎಲಿ ಉದುರಿ ಕೊಳತು ಮಣ್ಣು ಹುಳಿ ಆಗತೈತ್ರಿ."

ಶಾಂತವ್ವ ಬಾಲ್ಕನಿಯಲ್ಲಿ ಬಗ್ಗಿ ನೋಡಿದಳು. ಒಂದೇ ತಂಬಿಗೆಯ ನೀರು, ಒಂದೇ ಬಿಸಿಲು. ಆದರೂ ಒಂದು ತುಳಸಿ ಹಸಿರು, ಇನ್ನೊಂದು ಹಳದಿ. "ಹಂಗಾರ ಈ ಹಳದೀದ ಏನವ್ವಾ ಹುಳೀದು?"

ಪ್ರತೀಕ್ಷಾ ನಾಳೆಯ ಪಾಠಕ್ಕೆಂದು ಎರಡೂ ಕುಂಡಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದಳು.