ಪುಕ್ಕಲರಿಗೊಂದು ಜಿರಲೆ ಪಾಠ

ಜಿರಲೆಗಳ ಬಗ್ಗೆ ನಾನು ಭಾಷಣಕ್ಕೆ ನಿಂತರೆ ಗೋಡೆ ಸಂದಿಯ ಜಿರಲೆಗಳೂ ಹೊರಬಂದು, ಮೀಸೆ ನೆಟ್ಟಗೆ ಮಾಡಿಕೊಂಡು ಕೇಳುತ್ತವೆ. ಕೇಳಲು ಬಾರದ್ದು ಜನಕ್ಕೆ ಮಾತ್ರ.

ಮಹಿಳಾ ಮಂಡಳಿಯಲ್ಲಿ ಉಪನ್ಯಾಸ ಮುಗಿಸಿ ಬಂದವನು ನನ್ನ ಪಿಎಚ್‌ಡಿ ಗೈಡ್ ಮೇಡಂಗೂ ಇದನ್ನೇ ಹೇಳಿದೆ.

"ಅದಿರಲಿ, ಅಲ್ಲಿಗೆ ತೋರಿಸಲು ಒಯ್ದ ನಮ್ಮ ಜಿರಲೆ ಎಲ್ಲಿ?" ಎಂದರು.

ಲ್ಯಾಬಿನಲ್ಲಿ ದಾರಿ ಹುಡುಕಲು ಕಲಿತಿದ್ದ ಜಿರಲೆ ಅದೊಂದೇ. ನನ್ನ ಪಿಎಚ್‌ಡಿ ನಿಂತಿದ್ದೇ ಅದರ ಆರು ಕಾಲುಗಳ ಮೇಲೆ.

"ಸತ್ತುಹೋಯಿತು ಮೇಡಂ. ಎಂಥ ಪುಕ್ಕಲು ಜನ ಅಂತೀರಿ! 'ಸಾಧು ಪ್ರಾಣಿ, ಮುಟ್ಟಿ ನೋಡಿ' ಅಂತ ಡಬ್ಬಿ ತೆರೆದೆ. ಅದು ಹೊರಗೆ ಬಂದದ್ದೇ ತಡ, ಸಾವಿರ ಜನ ಕಿರುಚಿಕೊಂಡರು. ಒಬ್ಬರು ಅಜ್ಜಿ ಚಪ್ಪಲಿ ತೆಗೆದು ಬಡಿದೇಬಿಟ್ಟರು. ಇಂಥವರ ತಲೆಗೆ ವಿಜ್ಞಾನ ಹತ್ತುತ್ತದೆಯೇ?"

"ಆ ಅಜ್ಜಿ ಕ್ಷಮೆ ಕೇಳಲು ಈಗಷ್ಟೇ ಫೋನ್ ಮಾಡಿದ್ದರು. ಅಲ್ಲಿ ಇದ್ದದ್ದೇ ಹದಿನೈದು ಜನರಂತೆ. ಯಾರೂ ಕಿರುಚಲಿಲ್ಲವಂತೆ. ಒಬ್ಬ ಮಾತ್ರ ಮೇಜು ಹತ್ತಿ 'ಬಡೀರಿ ಅಜ್ಜೀ, ಬಡೀರಿ' ಅಂತ ಕೂಗಿದನಂತೆ. ಯಾರಪ್ಪಾ ಆ ಪುಕ್ಕಲ?"



"ನಾನೇ ಮೇಡಂ. ಲ್ಯಾಬಿನಲ್ಲಿ ನನಗೂ ಜಿರಲೆಗೂ ನಡುವೆ ಗಾಜು ಇರುತ್ತಿತ್ತು."