ಉಂಡು ಮಡಚಿದ ಸೀರೆ

ಮಡಚಿದವರ ದಣಿವು ಬಟ್ಟೆಗೆ ಇಳಿಯುತ್ತದೆ ಎಂಬುದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಜನ ಸೀರೆ ಕೊಳ್ಳುವ ಮೊದಲು ಹೆಗಲ ಮೇಲೆ ಹಾಕಿ ನೋಡುತ್ತಾರೆ.

ಮದುವೆಗಳ ಕಾಲ. ಸೀರೆ ಅಂಗಡಿಯ ಶಿವಲೀಲಾ ಮತ್ತು ಅವಳ ಜೊತೆಯವರು ವಾರದಿಂದ ಮಧ್ಯಾಹ್ನದ ಬುತ್ತಿ ಬಿಚ್ಚಿರಲಿಲ್ಲ. ಅವತ್ತು ಅಜ್ಜಿಯೊಂದಿಗೆ ಬಂದ ಮದುಮಗಳೊಬ್ಬಳು ಹಸಿರು ಇಳಕಲ್ ಸೀರೆಯನ್ನು ಹೆಗಲಿಗೇರಿಸಿದವಳೇ ದಣಿದು ಗಾದಿಯ ಮೇಲೆ ಕುಸಿದಳು.

"ಬ್ಯಾರೆ ತೋರಸವಾ," ಎಂದರು ಮಾಲೀಕ ಮಲ್ಲೇಶಪ್ಪ.

"ಬ್ಯಾರೇದೂ ನಾವ ಮಡಚಿದ್ದರೀ," ಎಂದಳು ಶಿವಲೀಲಾ. "ಉಂಡು ಬಂದು ತೋರಸ್ತೀನಿ."

ಬುತ್ತಿ ಎತ್ತಿಕೊಂಡು ಅವಳು ಹಿಂದಿನ ಕೋಣೆಗೆ ನಡೆದಳು. ಉಳಿದವರೂ ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು. ಮಲ್ಲೇಶಪ್ಪ ತಡೆಯಲು ಹೊರಟಾಗ ಅಜ್ಜಿ, "ಉಣ್ಣಲಿ ಬಿಡ್ರಿ ಸಾವಕಾರ್ರ, ನಾವು ಕೂಡ್ತೀವಿ," ಎಂದಳು.

ರೊಟ್ಟಿ, ಶೇಂಗಾ ಚಟ್ನಿ ಉಂಡು, ಕಾಲು ಚಾಚಿ ಹರಟಿ ಬಂದ ಶಿವಲೀಲಾ ಅದೇ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿ ಕೊಟ್ಟಳು. ಮದುಮಗಳು ಅದನ್ನು ಹೆಗಲಿಗೇರಿಸಿದವಳೇ ಎದ್ದು ನಿಂತಳು. ಕಾರಣವಿಲ್ಲದೆ ಅವಳಿಗೆ ನಗು ಬಂತು. ಕಂಡ ಗಿರಾಕಿಗಳೆಲ್ಲ ತಮಗೂ ಅಂಥದ್ದೇ ಬೇಕೆಂದರು.

ಮರುದಿನ ಊಟದ ಹೊತ್ತಿಗೆ ಮಲ್ಲೇಶಪ್ಪನವರೇ ಬಾಗಿಲಿಗೆ ಪರದೆ ಎಳೆದರು. ಹೊರಗೆ ಸಾಲುಗಟ್ಟಿದವರಲ್ಲಿ ಒಬ್ಬರೂ ಗೊಣಗಲಿಲ್ಲ.